ಕುಂಡದಲ್ಲಿ ತುಂಬೆ

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಮುದ್ರಿಸಲಾಗಿದೆ.)

ಕೈತೋಟದ ಬಗ್ಗೆ ಮಾತನಾಡಿ ಎಂದು ನಿಲಯದವರು ಕೇಳಿದಾಗ ನಾನು ಒಪ್ಪಿಕೊಂಡೆ. ಯಾವ ಗಿಡದ ಬಗ್ಗೆ ಎಂದು ಕೇಳಿದರು. ತುಂಬೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದನ್ನು ಬೆಳೆಸೋದು ಅಂದ್ರೆ? ಅದು ತಾನೇ ಬೆಳೆಯುತ್ತಲ್ಲ?" ಎಂದರು. ನಾನೂ ಹಾಗೆಯೇ ತಿಳಿದಿದ್ದೆ. ಬದುವಿನ ಮೇಲೆ, ಹಿತ್ತಿಲಲ್ಲಿ, ಶಾಲೆಗೆ ಹೋಗುವ ಕಾಲುದಾರಿಯ ಎರಡೂ ಬದಿಯಲ್ಲಿ ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಮಳೆಗಾಲ ಬಂತೆಂದರೆ ಮೊಣಕಾಲೆತ್ತರ ಎದ್ದು ನಿಲ್ಲುವ ಗಿಡ. ಅದನ್ನು ಡೊಂಬಿವಿಲಿಯ ಮೂರನೇ ಮಹಡಿಯಲ್ಲಿ ನಾಲ್ಕು ಕುಂಡಗಳಲ್ಲಿ ಬೆಳೆಸಲು ನನಗೆ ಎರಡು ವರ್ಷ ಹಿಡಿಯಿತು ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಮ್ಮ ಸೊಸೈಟಿಯವರೂ ನಕ್ಕಿದ್ದಾರೆ.

ಕಥೆ ಶುರುವಾದದ್ದು 2021ರ ದೀಪಾವಳಿಯಲ್ಲಿ. ಆ ವರ್ಷ ಅಪ್ಪ ತೀರಿಕೊಂಡರು. ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ ತಮ್ಮ ಇದ್ದಾನೆ, ತೋಟ ನೋಡಿಕೊಳ್ಳುತ್ತಾನೆ. ಆದರೂ ಸ್ವಲ್ಪ ದಿನ ಜಾಗ ಬದಲಾಗಲಿ ಎಂದು ಅಮ್ಮನನ್ನು ನಾನು ಇಲ್ಲಿಗೆ ಕರೆದುಕೊಂಡು ಬಂದೆ. ಎಪ್ಪತ್ತೆಂಟು ವರ್ಷದ ಜೀವ. ಇಲ್ಲಿ ಮಾತಾಡಲು ಯಾರೂ ಇಲ್ಲ, ಭಾಷೆ ಬಾರದು, ಲಿಫ್ಟಿನಲ್ಲಿ ಒಬ್ಬರೇ ಹೋಗಲು ಭಯ. ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಬಾಗಿಲು. ಏನೂ ಕೇಳುತ್ತಿರಲಿಲ್ಲ. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಊಟ ಕೊಟ್ಟರೆ ಉಣ್ಣುತ್ತಿದ್ದರು. ಅವರು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಯಾವುದು ಗೊತ್ತೆ? ಕಾರ್ತಿಕ ಸೋಮವಾರದ ಹಿಂದಿನ ದಿನ, "ನಾಳೀಕೆ ಒಂದು ಹಿಡಿ ತುಂಬೆ ಹೂವು ಸಿಕ್ಕೀತೇನವ್ವಾ?" ಎಂದರು.

ಇಷ್ಟೇ ತಾನೇ ಎಂದುಕೊಂಡು ಸ್ಟೇಷನ್ ಹತ್ತಿರದ ಹೂವಿನ ಸಾಲಿಗೆ ಹೋದೆ. ಬಿಲ್ವಪತ್ರೆ ಇತ್ತು, ಎಕ್ಕದ ಹೂವಿನ ಹಾರ ಇತ್ತು, ಚೆಂಡುಹೂವಂತೂ ಗುಡ್ಡೆ ಗುಡ್ಡೆ. ತುಂಬೆ ಮಾತ್ರ ಇಲ್ಲ. ಹೆಸರು ಹೇಳಿದರೂ ಅರ್ಥವಾಗಲಿಲ್ಲ. ಬರುವ ದಾರಿಯಲ್ಲಿ ಗೋಡೆಯ ಬುಡದಲ್ಲಿ ಬಿಳಿ ಬಿಳಿ ಹೂವಿನ ಗಿಡ ಕಂಡಿತು. ನಲವತ್ತು ವರ್ಷದಿಂದ ಊರು ಬಿಟ್ಟವಳ ಕಣ್ಣು! ಬಿಡಿಸಿ ತಂದು ಅಮ್ಮನ ಮುಂದೆ ಇಟ್ಟೆ. ಅಮ್ಮ ಒಂದೇ ಒಂದನ್ನು ಎತ್ತಿ ನೋಡಿ, "ಅಲ್ಲ ಕಣವ್ವಾ, ಇದು ಗಾಯಕ್ಕೆ ಹಿಂಡೋ ಸೊಪ್ಪಿಂದು" ಎಂದು ಪಕ್ಕಕ್ಕಿಟ್ಟರು.

ನಿಮಗೂ ಈ ತಪ್ಪು ಆಗಬಾರದೆಂದು ಎರಡು ಮಾತು ಹೇಳಿಬಿಡುತ್ತೇನೆ. ನಾನು ತಂದದ್ದು ಟ್ರೈಡ್ಯಾಕ್ಸ್ ಎಂಬ ಗಿಡ. ಮರಾಠಿಯಲ್ಲಿ ದಗಡಿ ಪಾಲಾ ಎನ್ನುತ್ತಾರೆ. ಅದು ಅಮೆರಿಕ ಖಂಡದಿಂದ ಬಂದು ನಮ್ಮಲ್ಲಿ ಬೇರುಬಿಟ್ಟದ್ದು. ಉದ್ದನೆಯ ಒಂಟಿ ತೊಟ್ಟಿನ ತುದಿಯಲ್ಲಿ ಒಂದೇ ಹೂವು, ನಡುವೆ ಹಳದಿ. ತುಂಬೆ ಹಾಗಲ್ಲ. ತುಂಬೆಯ ಕಾಂಡವನ್ನು ಬೆರಳಿನಲ್ಲಿ ಹೊರಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆ ಇವುಗಳ ಕುಟುಂಬದ್ದೇ ಅದು. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಮುಟ್ಟಿದರೆ ಒರಟು. ಗಿಣ್ಣಿನ ಸುತ್ತ ಹಸಿರು ಬಟ್ಟಲುಗಳ ಒಂದು ಉಂಡೆ, ಪ್ರತಿ ಬಟ್ಟಲಿನಿಂದ ಒಂದು ಬಿಳಿ ಹೂವು ಹೊರಗೆ ಬಾಗಿರುತ್ತದೆ. ಹೂವಿಗೆ ಎರಡು ತುಟಿ. ಮೇಲಿನದು ನವಿರು ಕೂದಲಿನ ಪುಟ್ಟ ಟೋಪಿ, ಕೆಳಗಿನದು ಅಗಲವಾಗಿ ಚಾಚಿದ ನಾಲಿಗೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯೂಕಸ್ ಆಸ್ಪೆರಾ. ಲ್ಯೂಕಸ್ ಎಂದರೆ ಬಿಳುಪು, ಆಸ್ಪೆರಾ ಎಂದರೆ ಒರಟು. ಹೂವಿಗೊಂದು ಪದ, ಎಲೆಗೊಂದು ಪದ.

ಆ ಹೂವನ್ನು ತಲೆಕೆಳಗು ಮಾಡಿ ಹಿಡಿದರೆ ಪುಟ್ಟ ಪಾದದ ಹಾಗೆ ಕಾಣುತ್ತದೆ. ಅದಕ್ಕೊಂದು ಕಥೆಯನ್ನು ಅಮ್ಮ ಹೇಳುತ್ತಾರೆ. ಶಿವ ಪ್ರತ್ಯಕ್ಷನಾಗಿ ಏನು ವರ ಬೇಕು ಎಂದು ತುಂಬೆಯನ್ನು ಕೇಳಿದನಂತೆ. "ನಿನ್ನ ಪಾದ ನನ್ನ ತಲೆಯ ಮೇಲಿರಲಿ" ಎಂದು ಕೇಳಬೇಕೆಂದಿದ್ದ ಬಡಪಾಯಿ ಗಿಡ ಗಾಬರಿಯಲ್ಲಿ, "ನನ್ನ ಪಾದ ನಿನ್ನ ತಲೆಯ ಮೇಲಿರಲಿ" ಎಂದುಬಿಟ್ಟಿತಂತೆ. ಕೊಟ್ಟ ಮಾತಿಗೆ ತಪ್ಪುವ ಹಾಗಿಲ್ಲ. ಅಂದಿನಿಂದ ಆ ಪಾದ ಶಿವನ ತಲೆಯ ಮೇಲೆ. ಮಾತು ತಪ್ಪಿ ಆಡಿದ್ದಕ್ಕೆ ಬಡ್ತಿ ಸಿಕ್ಕ ಒಂದೇ ಪ್ರಕರಣ ಇದು ಎಂದು ನಮ್ಮ ಯಜಮಾನರು, ಅವರೂ ಬ್ಯಾಂಕಿನಲ್ಲಿದ್ದವರು, ನಗುತ್ತಾರೆ.

ಮರುದಿನ ಅಮ್ಮನೇ ಹೊರಟರು. ಇಲ್ಲಿಗೆ ಬಂದ ಮೇಲೆ ತಾವಾಗಿ ಚಪ್ಪಲಿ ಮೆಟ್ಟಿದ್ದು ಅದೇ ಮೊದಲು. ರೈಲು ಹಳಿಯ ಕಡೆ ಒಂದು ಖಾಲಿ ಪ್ಲಾಟು ಇತ್ತು. ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು, ಅದರ ನಡುವೆ ಹತ್ತಿಪ್ಪತ್ತು ತುಂಬೆ ಗಿಡ. ಅಮ್ಮ ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಸೆರಗಿನ ತುದಿಗೆ ಹೂವು ಬಿಡಿಸಿದರು. ಉಗುರು ತಾಗಿಸಬೇಕಿಲ್ಲ, ಬೆರಳು ಮುಟ್ಟಿಸಿದರೆ ಸಾಕು, ಕೈಗೆ ಬರುತ್ತದೆ. ಒಂದನ್ನು ನನ್ನ ಬಾಯಿಗಿಟ್ಟರು. ಬುಡದಲ್ಲಿ ಸೂಜಿಮೊನೆಯಷ್ಟು ಸಿಹಿ. ನಿಮ್ಮಲ್ಲಿ ಹಳ್ಳಿಯಲ್ಲಿ ಬೆಳೆದವರು ಆ ಸಿಹಿಯನ್ನು ಮರೆತಿರಲಾರಿರಿ.

ಅತಿ ಆಸೆಯಿಂದ ನಾನು ಹೂವು ಬಿಟ್ಟಿದ್ದ ಎರಡು ದೊಡ್ಡ ಗಿಡಗಳನ್ನು ಬೇರುಸಹಿತ ಕಿತ್ತು ತಂದು ಕುಂಡಕ್ಕೆ ನೆಟ್ಟೆ. ಅಮ್ಮ ಬೇಡ ಎಂದರು, ಕೇಳಲಿಲ್ಲ. ಎರಡೇ ದಿನಕ್ಕೆ ತಲೆಬಾಗಿದವು. ಒಂದು ವರ್ಷದ ಆಯುಸ್ಸಿನ ಗಿಡ, ಹೂವಿಗೆ ಬಂದ ಮೇಲೆ ಜಾಗ ಬದಲಾಯಿಸಿದರೆ ಮತ್ತೆ ಬೇರು ಹಿಡಿಯುವಷ್ಟು ಪುರಸೊತ್ತು ಅದಕ್ಕಿರುವುದಿಲ್ಲ. ಒಣಗಿದ ಆ ಗಿಡಗಳನ್ನು ನಾನು ಎಸೆಯಲು ಹೊರಟಿದ್ದೆ. ಅಮ್ಮ ಕಸಿದುಕೊಂಡು, ಒಂದು ವೃತ್ತಪತ್ರಿಕೆ ಹಾಸಿ, ಗಿಡವನ್ನು ತಲೆಕೆಳಗು ಮಾಡಿ ತಟ್ಟಿದರು. ಕಂದು ಬಣ್ಣದ ಸಣ್ಣ ಸಣ್ಣ ಬೀಜಗಳು ಉದುರಿದವು. ಹೂವು ಉದುರಿದ ಮೇಲೂ ಆ ಹಸಿರು ಬಟ್ಟಲು ಗಿಡದಲ್ಲೇ ಉಳಿಯುತ್ತದೆ. ಅದರ ತಳದಲ್ಲಿ ನಾಲ್ಕು ಬೀಜ, ಹೆಚ್ಚಿಲ್ಲ. ಬಟ್ಟಲು ಒಣಗಿ ಗಾಳಿಗೆ ಅಲ್ಲಾಡಿದಾಗ ಹೊರಗೆ ಬೀಳುತ್ತವೆ. ಅಮ್ಮ ಅವನ್ನು ಕಾಗದದ ಪೊಟ್ಟಣ ಕಟ್ಟಿ ದೇವರ ಗೂಡಿನಲ್ಲಿಟ್ಟರು.

2022ರ ಜೂನಿನಲ್ಲಿ ಮಳೆ ಬಂದ ಮೇಲೆ ಅರ್ಧ ಬೀಜವನ್ನು ಕುಂಡಕ್ಕೆ ಹಾಕಿದೆ. ಇಲ್ಲಿ ನಾನು ಮಾಡಿದ ತಪ್ಪುಗಳನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೈತೋಟದ ಪುಸ್ತಕ ಓದಿದವರೆಲ್ಲ ಮಾಡುವ ತಪ್ಪುಗಳೇ ಅವು. ಒಳ್ಳೆಯದಾಗಲಿ ಎಂದು ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲ ಬೆರೆಸಿ ಮಣ್ಣನ್ನು ಮೆತ್ತಗೆ ಮಾಡಿದೆ. ಬೀಜವನ್ನು ಬೆರಳುಗಣ್ಣಿನಷ್ಟು ಆಳಕ್ಕೆ ಒತ್ತಿದೆ. ಮಳೆ ಇಲ್ಲದ ದಿನ ಎರಡು ಹೊತ್ತು ನೀರು ಹಾಕಿದೆ. ಬಂದದ್ದು ಮೂರೇ ಸಸಿ. ಅವೂ ಹೇಗೆ? ಅಗಲ ಎಲೆ, ಉದ್ದ ಕಾಂಡ, ನೋಡಲು ಸೊಗಸು, ಹೂವು ಮಾತ್ರ ಇಲ್ಲ. ಹೊಟ್ಟೆ ತುಂಬಿದವನಿಗೆ ಅವಸರವೇನು? ಇಂಥ ಗಿಡಗಳು ಬಡ ಮಣ್ಣಿನಲ್ಲಿ, ನೀರು ಇಂದೋ ನಾಳೆಯೋ ನಿಲ್ಲುತ್ತದೆ ಎಂಬ ಆತಂಕದಲ್ಲಿ ಬೇಗ ಹೂಬಿಟ್ಟು ಬೀಜ ಕಟ್ಟಿ ಮುಗಿಸುವಂಥವು. ಗೊಬ್ಬರ ಸುರಿದರೆ ಸೊಪ್ಪು ಬೆಳೆಸುತ್ತ ಕೂತುಬಿಡುತ್ತವೆ.

ಉಳಿದರ್ಧ ಬೀಜವನ್ನು ಅಮ್ಮ ನನಗೆ ಹೇಳದೆ ಕೆಳಗೆ ಸೊಸೈಟಿಯ ಕಾಂಪೌಂಡಿನ ಬುಡದಲ್ಲಿ, ಪಂಪ್ ಮನೆಯ ಪಕ್ಕದ ಗರಸು ನೆಲದಲ್ಲಿ ಸುಮ್ಮನೆ ಎರಚಿದ್ದರು. ಅಲ್ಲಿ ಮೂವತ್ತು ನಲವತ್ತು ಗಿಡ ಎದ್ದವು. ಆಗಸ್ಟ್ ಮೊದಲ ವಾರಕ್ಕೆ ಗಿಣ್ಣು ಗಿಣ್ಣಿಗೂ ಮೊಗ್ಗಿನ ಉಂಡೆ. ಅಮ್ಮ ದಿನಾ ಬೆಳಿಗ್ಗೆ ಲಿಫ್ಟಿನಲ್ಲಿ ಒಬ್ಬರೇ ಇಳಿದು ನೋಡಿ ಬರುತ್ತಿದ್ದರು. ಇಳಿಯುವಾಗ ಎರಡನೇ ಮಹಡಿಯ ಗುಜರಾತಿ ಅಜ್ಜಿಯ ಪರಿಚಯವಾಯಿತು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಒಬ್ಬರಿಗೆ ಗುಜರಾತಿ ಬಿಟ್ಟು ಬೇರೆ ಬಾರದು. ಅರ್ಧ ಗಂಟೆ ಮಾತಾಡುತ್ತಿದ್ದರು.

ಆಗಸ್ಟ್ 15ಕ್ಕೆ ಸೊಸೈಟಿಯಲ್ಲಿ ಧ್ವಜಾರೋಹಣ ಇರುತ್ತದಲ್ಲ, ಹಿಂದಿನ ದಿನ ಆವರಣ ಸ್ವಚ್ಛ ಮಾಡಿಸಿದರು. ಮಾಳಿ ಖುರ್ಪಿ ಹಿಡಿದು ಒಂದು ಕಡೆಯಿಂದ ಎಲ್ಲ ಕಿತ್ತು ಗುಡ್ಡೆ ಹಾಕಿದ. ಅಮ್ಮ ಇಳಿದು ನೋಡುವಷ್ಟರಲ್ಲಿ ನೆಲ ನುಣ್ಣಗೆ. ಸೆಕ್ರೆಟರಿಯವರ ಹತ್ತಿರ ಹೋದೆ. ಅವರು ಒಳ್ಳೆಯವರೇ, "ಮೇಡಂ, ವೋ ತೋ ಜಂಗಲೀ ಘಾಸ್ ಥಾ" ಎಂದರು. ಅವರ ತಪ್ಪೇನು? ಕಳೆ ಎಂದರೆ ಒಂದೇ ಕಳೆ ಎಂದು ನಾವು ತಿಳಿದುಕೊಂಡಿದ್ದೇವೆ. ಅದೇ ಗೋಡೆಯ ಆಚೆ ಕಾಂಗ್ರೆಸ್ ಗಿಡ ಎದೆಯೆತ್ತರ ನಿಂತಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಹೊರದೇಶದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಅಲ್ಲಿಂದ ದೇಶವೆಲ್ಲ ಹಬ್ಬಿ, ಚರ್ಮಕ್ಕೆ ಉರಿ, ಕೆಲವರಿಗೆ ಉಬ್ಬಸ ತರುವ ಆ ಪಾರ್ಥೇನಿಯಂ ಒಂದು ಕಳೆ. ನೆಲದ್ದೇ ಮಗುವಾಗಿ ಯಾರಿಗೂ ತೊಂದರೆ ಕೊಡದ, ಮಳೆ ಮುಗಿದ ಮೇಲೆ ತಾನಾಗಿ ಒಣಗಿ ಹೋಗುವ ತುಂಬೆಯೂ ಒಂದು ಕಳೆ. ಖುರ್ಪಿಗೆ ಎರಡೂ ಒಂದೇ.

ಖಾಲಿ ಪ್ಲಾಟಿಗೆ ಹೋಗೋಣ ಎಂದರೆ ಅಲ್ಲಿ ಅಷ್ಟು ಹೊತ್ತಿಗೆ ತಗಡಿನ ಬೇಲಿ, ಒಳಗೆ ಇಪ್ಪತ್ತು ಅಡಿ ಗುಂಡಿ. ಹೊಸ ಟವರ್ ಏಳುತ್ತಿತ್ತು.

ಹಾಗಾಗಿ ಉಳಿದದ್ದು ನನ್ನ ಕುಂಡದ ಆ ಮೂರು ಸೋಮಾರಿ ಗಿಡಗಳು ಮಾತ್ರ. ಅಕ್ಟೋಬರ್ ಕೊನೆಗೆ, ಅಂತೂ ಇಂತೂ, ಅವುಗಳಲ್ಲಿ ಹೂವು ಕಂಡಿತು. ಕಾರ್ತಿಕ ಸೋಮವಾರ ಬೆಳಿಗ್ಗೆ ನಾನು ಬಟ್ಟಲು ಹಿಡಿದು ಗ್ರಿಲ್ ಹತ್ತಿರ ಹೋದರೆ ಅಮ್ಮ ಕೈ ಹಿಡಿದರು. "ಬೇಡ" ಎಂದರು. ಇರುವುದೇ ಇಷ್ಟು, ಕಿತ್ತರೆ ಬೀಜ ಎಲ್ಲಿಂದ ಎಂದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ತುಂಬೆಯ ಹೂವನ್ನು ಎಳೆದಾಗ ಬಿಳಿ ಭಾಗದ ಜೊತೆಗೆ ಅದಕ್ಕಂಟಿದ ಕೇಸರಗಳೂ ಬಂದುಬಿಡುತ್ತವೆ. ಜೇನ್ನೊಣ ಬಂದು ಹೋಗುವ ಮೊದಲೇ ಬೆಳಿಗ್ಗೆ ಬಿಡಿಸಿದರೆ ಆ ಬಟ್ಟಲಿನಲ್ಲಿ ಬೀಜ ಕಟ್ಟುವುದು ಅನುಮಾನ. ಮಲ್ಲಿಗೆಯ ಬಳ್ಳಿಯಿಂದ ಎಷ್ಟು ಹೂವು ಬಿಡಿಸಿದರೂ ಬಳ್ಳಿ ಇರುತ್ತದೆ. ದಾಸವಾಳವೂ ಹಾಗೆಯೇ. ತುಂಬೆಗೆ ಬೀಜವೊಂದೇ ಮುಂದಿನ ವರ್ಷಕ್ಕೆ ದಾರಿ. ನಲವತ್ತು ಗಿಡ ಇದ್ದಾಗ ಇದು ಯಾರ ತಲೆಗೂ ಬರುವುದಿಲ್ಲ, ಮೂರು ಇದ್ದಾಗ ಬರುತ್ತದೆ.

ಐವತ್ತು ವರ್ಷದ ಮೇಲೆ ನಡೆಸಿಕೊಂಡು ಬಂದ ವ್ರತ. ಮದುವೆಯಾಗಿ ಬಂದ ವರ್ಷದಿಂದ ತುಂಬೆ ಇಲ್ಲದೆ ಕಾರ್ತಿಕ ಸೋಮವಾರ ಮಾಡಿದವರಲ್ಲ. ಆ ದಿನ ಬರಿಯ ಬಿಲ್ವ ಏರಿಸಿ, "ಈ ವರ್ಸ ಸಾಲ ಅಂತ ಹೇಳಿದೀನಿ, ಬರೋ ವರ್ಸ ತೀರಿಸ್ತೀನಿ" ಎಂದು ದೇವರಿಗೆ ಕೈಮುಗಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎಂಬತ್ತರ ಹತ್ತಿರ ಬಂದವರು ಮುಂದಿನ ವರ್ಷಕ್ಕೆ ಸಾಲ ಹೇಳುತ್ತಿದ್ದಾರೆ. ಆ ಸಾಲಕ್ಕೆ ಜಾಮೀನು ನಾನೇ ಅಲ್ಲವೆ?

ಹೀಗಾಗಿ 2023ರಲ್ಲಿ ನಾನು ಅಮ್ಮ ಹೇಳಿದ ಹಾಗೆಯೇ ನಡೆದುಕೊಂಡೆ. ಇಷ್ಟು ಹೊತ್ತು ನನ್ನ ಪುರಾಣ ಕೇಳಿದಿರಿ, ಈಗ ಪೆನ್ಸಿಲ್ ಹಿಡಿದುಕೊಳ್ಳುವವರು ಹಿಡಿದುಕೊಳ್ಳಿ.

ಕುಂಡ ಎಂಟು ಹತ್ತು ಅಂಗುಲದ್ದು ಸಾಕು, ತಳದಲ್ಲಿ ತೂತು ಮಾತ್ರ ಚೆನ್ನಾಗಿರಬೇಕು. ಮಣ್ಣು ಸಾಧಾರಣದ್ದು. ನಾನು ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಮರಳೋ ಸಣ್ಣ ಗರಸೋ ಬೆರೆಸುತ್ತೇನೆ. ಗೊಬ್ಬರ ಹಾಕುವುದಿಲ್ಲ. ಹಳೆಯ ಕುಂಡದ ಸತ್ವ ಕಳೆದ ಮಣ್ಣಿದ್ದರೆ ಎಸೆಯಬೇಡಿ, ತುಂಬೆಗೆ ಅದು ಒಗ್ಗುತ್ತದೆ. ಬೀಜವನ್ನು ಹೂಳಬೇಡಿ. ಮಣ್ಣನ್ನು ಒದ್ದೆ ಮಾಡಿ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ರಂಗೋಲಿ ಎಳೆದಷ್ಟು ತೆಳ್ಳಗೆ ಮರಳು ಎರಚಿದರೆ ಮುಗಿಯಿತು. ಮೊಳಕೆ ಬರುವ ತನಕ ಕೈಯಲ್ಲಿ ನೀರು ಚಿಮುಕಿಸಿ, ತಂಬಿಗೆಯಲ್ಲಿ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ. ನನ್ನಲ್ಲಿ ಎಂಟು ಹತ್ತು ದಿನಕ್ಕೆ ಮೊಳಕೆ ಕಾಣಿಸಿತು. ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕೆಲವು ತಿಂಗಳಾದ ಮೇಲೂ ಏಳುತ್ತವೆ, ಆದ್ದರಿಂದ ಬರಲಿಲ್ಲವೆಂದು ಕುಂಡ ಬಗ್ಗಿಸಬೇಡಿ.

ಬಿಸಿಲು ಮುಖ್ಯ. ಐದಾರು ಗಂಟೆಯಾದರೂ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಇದರ ಗೊಡವೆ ಬೇಡ, ಗಚ್ಚಿಯ ಮೇಲೆ ಇಡಿ. ಸಸಿ ನಾಲ್ಕಂಗುಲ ಎತ್ತರವಾದಾಗ ಒಂದು ಕುಂಡಕ್ಕೆ ಮೂರು ಉಳಿಸಿ ಮಿಕ್ಕವನ್ನು ತೆಗೆಯಿರಿ. ಎಳೆಯದಿದ್ದಾಗ ಮಣ್ಣಿನ ಹೆಂಟೆ ಸಮೇತ ಎತ್ತಿ ನೆಟ್ಟರೆ ಬದುಕುತ್ತವೆ, ಹೂವು ಬಂದ ಮೇಲೆ ಅಲ್ಲ. ಇನ್ನೊಂದು ಸಂಗತಿ, ತುದಿ ಚಿವುಟಿ. ಚಿವುಟಿದರೆ ಪಕ್ಕದಿಂದ ನಾಲ್ಕಾರು ರೆಂಬೆ ಒಡೆದು ಗಿಡ ಗುಂಡಗಾಗುತ್ತದೆ, ಹೂವಿನ ಉಂಡೆಗಳೂ ಅಷ್ಟಷ್ಟು ಹೆಚ್ಚು. ನೀರನ್ನು ಮೇಲ್ಮಣ್ಣು ಒಣಗಿದಾಗ ಮಾತ್ರ ಹಾಕಿ.

ಜೂನಿನಲ್ಲಿ ಬಿತ್ತಿದ ಗಿಡ ಶ್ರಾವಣಕ್ಕೆ ಹೂವು ಕೊಡುತ್ತದೆ, ಕಾರ್ತಿಕದ ಹೊತ್ತಿಗೆ ಬಳಲಿರುತ್ತದೆ. ಕಾರ್ತಿಕಕ್ಕೆ ಹೂವು ಬೇಕೆಂದರೆ ಆಗಸ್ಟ್ ಕೊನೆಯಲ್ಲಿ ಇನ್ನೊಮ್ಮೆ ಬಿತ್ತಬೇಕು. ಇದು ಮುಂಬಯಿ, ಪುಣೆ, ಹೈದರಾಬಾದಿನ ಮಾತು. ಚೆನ್ನೈಯವರಿಗೆ ದೊಡ್ಡ ಮಳೆ ಅಕ್ಟೋಬರಿನಿಂದ. ಅಲ್ಲಿ ಆ ಸುರಿಮಳೆಗೆ ಮೊದಲೇ ಸಸಿ ಗಟ್ಟಿಯಾಗುವಂತೆ ನೋಡಿಕೊಳ್ಳಿ, ಇಲ್ಲವೆ ಕುಂಡವನ್ನು ಸೂರಿನಡಿ ಸರಿಸಿ. ದೆಹಲಿಯವರು ಜೂನ್ ಕೊನೆಗೆ ಬಿತ್ತಿಬಿಡಿ, ಚಳಿ ಬಿಗಿಯುವ ಮೊದಲು ಬೀಜ ಕಟ್ಟಬೇಕು.

ನಾಲ್ಕು ಕುಂಡ ಇಟ್ಟರೆ ಮೂರರ ಹೂವು ಬಿಡಿಸಿ, ಒಂದನ್ನು ಮುಟ್ಟಬೇಡಿ. ಅಮ್ಮ ಆ ನಾಲ್ಕನೆಯದನ್ನು ದುಂಬಿಯ ಕುಂಡ ಎನ್ನುತ್ತಾರೆ. ಮೂರನೇ ಮಹಡಿಗೆ ಯಾವ ದುಂಬಿ ಬರುತ್ತದೆ ಎಂದು ನಾನು ಅನುಮಾನಿಸಿದ್ದೆ. ಒಂಬತ್ತು ಗಂಟೆಯ ಬಿಸಿಲಿಗೆ ಬಂದವು. ಜೇನ್ನೊಣ, ಸಣ್ಣ ಚಿಟ್ಟೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ಒಂದು ಜಾತಿಯ ಜೇನು. ಈ ನೀಲಿಪಟ್ಟೆಯದು ನಿಂತಲ್ಲಿ ನಿಲ್ಲುವುದಿಲ್ಲ, ಗುಂಯ್ ಎಂದು ಒಂದು ಹೂವಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಕೆಳತುಟಿಯ ಮೇಲೆ ಅದು ಇಳಿದು ತಲೆಯನ್ನು ಒಳಗೆ ತೂರಿಸುವಾಗ ಮೇಲಿನ ಟೋಪಿಯೊಳಗಿನ ಪರಾಗ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಕುರ್ಚಿ ಹಾಕಿಕೊಂಡು ಕೂತರೆ ಕಣ್ಣಾರೆ ಕಾಣುತ್ತದೆ. ಟಿ.ವಿ.ಗಿಂತ ವಾಸಿ.

ಮಾಳಿಯ ವಿಷಯ ಹೇಳುವುದು ಬಾಕಿ ಉಳಿಯಿತು. ಆ ವರ್ಷ ಕೆಳಗಿನ ಪಂಪ್ ಮನೆಯ ಪಕ್ಕದಲ್ಲೂ ಮತ್ತೆ ಸಸಿ ಎದ್ದವು, ಕಿತ್ತರೂ ಮಣ್ಣಿನಲ್ಲಿ ಬೀಜ ಉಳಿದಿತ್ತು. ನಮ್ಮ ಯಜಮಾನರು ಒಂದು ರಟ್ಟಿನ ಮೇಲೆ ದೇವನಾಗರಿಯಲ್ಲಿ "ದ್ರೋಣಪುಷ್ಪೀ" ಎಂದು ಬರೆದು ಕೋಲಿಗೆ ಕಟ್ಟಿ ನೆಟ್ಟರು. ಸಂಸ್ಕೃತದ ಹೆಸರು ಬಂದದ್ದೇ ತಡ, ಜಂಗಲೀ ಘಾಸ್ ಔಷಧಿ ಗಿಡವಾಯಿತು. ಸೆಕ್ರೆಟರಿ ಬಂದು ಯಾವ ರೋಗಕ್ಕೆ ಎಂದು ಕೇಳಿ ಹೋದರು. ಬಿಹಾರದ ಕಡೆಯವನಾದ ಮಾಳಿ ಬೋರ್ಡು ನೋಡಿ ನಕ್ಕು, "ಯೇ ತೋ ಗೂಮಾ ಹೈ, ಹಮ್ ಲೋಗ್ ಇಸ್ಕಾ ಸಾಗ್ ಖಾತೇ ಹೈಂ" ಎಂದ. ಮತ್ತೆ ಕಿತ್ತೆಯಲ್ಲಪ್ಪಾ ಎಂದರೆ, ಕಿತ್ತು ಬಿಸಾಡು ಎಂದು ಹೇಳಿದ್ದಕ್ಕೆ ಕಿತ್ತೆ, ಅರ್ಧ ಮನೆಗೆ ಒಯ್ದು ಬೇಯಿಸಿದೆ ಎಂದ. ನಮ್ಮ ನಲವತ್ತು ಗಿಡದಲ್ಲಿ ಅರ್ಧವಾದರೂ ಒಬ್ಬರ ತಟ್ಟೆ ಸೇರಿದ ಸುದ್ದಿ ಕೇಳಿ ಅಮ್ಮನಿಗೆ ಸ್ವಲ್ಪ ಸಮಾಧಾನವಾಯಿತು.

ಈ ಗಿಡ ನಮ್ಮದು ಮಾತ್ರ ಎಂದು ನಾನು ತಿಳಿದಿದ್ದು ಅಲ್ಲಿಗೆ ಮುರಿಯಿತು. ಹೈದರಾಬಾದಿನಲ್ಲಿರುವ ಕೇಳುಗರಿಗೆ ಗೊತ್ತಿರಬಹುದು, ತೆಲಂಗಾಣದಲ್ಲಿ ವಿನಾಯಕ ಚೌತಿಯ ದಿನ ತುಮ್ಮಿ ಕೂರ ಎಂದು ಇದರದೇ ಪಲ್ಯ ಮಾಡುತ್ತಾರೆ. ಕೇರಳದವರ ಓಣಂ ಪೂಕಳಕ್ಕೆ ತುಂಬ ಹೂವು ಬೇಕೇ ಬೇಕು. ಚೆನ್ನೈಯವರು ತಮಿಳು ಬಲ್ಲ ಗೆಳೆಯರನ್ನು ಕೇಳಿ ನೋಡಿ, ತೊಲ್ಕಾಪ್ಪಿಯಂನಲ್ಲಿ ಎದುರುಬದುರು ನಿಂತು ಕಾದುವ ಯುದ್ಧದ ಪ್ರಕರಣಕ್ಕೆ ತುಂಬೈ ಎಂದೇ ಹೆಸರು, ಆ ವೀರರು ಮುಡಿಯುತ್ತಿದ್ದುದು ಈ ಹೂವು. ಮಕ್ಕಳು ಚೀಪುವ ಈ ಪುಟಾಣಿಯನ್ನು ಮುಡಿದು ಕತ್ತಿ ಹಿಡಿದವರನ್ನು ಊಹಿಸಿಕೊಳ್ಳಿ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಆಕಾಶಕ್ಕೆ ಹಾರಿದ ತಿರುವನಂತಪುರದ ಬಳಿಯ ಊರಿಗೂ ಮಲಯಾಳದಲ್ಲಿ ಇದೇ ಹೆಸರು, ತುಂಬ. ನಮ್ಮ ಎದುರು ಮನೆಯ ಬಂಟ್ವಾಳದವರಿಗೆ ಇದೆಲ್ಲ ಹೇಳಿದರೆ, "ನಮಗೆ ತುಂಬೆ ಅಂದ್ರೆ ನೀರು ಮಾರಾಯ್ರೆ, ಮಂಗಳೂರಿಗೆ ನೀರು ಬರುವ ಡ್ಯಾಮು" ಎಂದುಬಿಟ್ಟರು.

ಔಷಧಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನೆಗಡಿಯಾದಾಗ ತುಂಬೆ ಸೊಪ್ಪು ಹಾಕಿದ ಬಿಸಿನೀರಿನ ಹಬೆ ಹಿಡಿಯುವುದು ನಮ್ಮ ಮನೆಯಲ್ಲಿ ರೂಢಿ. ಅಷ್ಟಕ್ಕೆ ತೊಂದರೆಯಿಲ್ಲ. ಆದರೆ ಹಾವು ಕಚ್ಚಿದರೆ ತುಂಬೆ ರಸ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಓಡಾಡುತ್ತಿದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಬಿಟ್ಟರೆ ಮದ್ದಿಲ್ಲ. ರಸ ಹಿಂಡುತ್ತ ಕೂತ ಅರ್ಧ ಗಂಟೆ ಒಂದು ಜೀವದ ಬೆಲೆಯಾಗಬಹುದು.

2023ರ ಕಾರ್ತಿಕದಲ್ಲಿ ನಾಲ್ಕೂ ಸೋಮವಾರ ಅಮ್ಮ ತಟ್ಟೆ ತುಂಬ ತುಂಬೆ ಏರಿಸಿದರು. ಹಿಂದಿನ ವರ್ಷದ್ದನ್ನು ಬಡ್ಡಿ ಸಮೇತ ತೀರಿಸಿದೆ ಎಂದರು. ಇಲ್ಲಿಗೆ ಈ ಮಾತು ಮುಗಿಸಬಹುದಿತ್ತು.

2024ರ ನವೆಂಬರಿನಲ್ಲಿ ಅಮ್ಮ ಊರಿಗೆ ಹೋದರು, ತಮ್ಮನ ಮನೆಯಲ್ಲಿ ಶುಭಕಾರ್ಯವಿತ್ತು. ಅಲ್ಲಿ ತುಂಬೆಗೇನು ಬರ ಎಂದು ಬರಿಗೈಯಲ್ಲೇ ಹೋದರು. ಸೋಮವಾರ ಬೆಳಿಗ್ಗೆ ಫೋನು ಬಂತು. ದನಿ ಸಣ್ಣಗಿತ್ತು. "ಇಲ್ಲಿ ಇಲ್ಲ ಕಣೇ" ಎಂದರು. ಮೊದಲು ನನಗೆ ಅರ್ಥವಾಗಲಿಲ್ಲ. ತೋಟವೆಲ್ಲ ತಿರುಗಿದ್ದಾರೆ, ಬದು ನೋಡಿದ್ದಾರೆ, ಹಳೆಯ ಬಾವಿಯ ಹತ್ತಿರ ಹೋಗಿದ್ದಾರೆ. ತೆಂಗಿನ ಬುಡಗಳು ಗುಡಿಸಿಟ್ಟ ಅಂಗಳದ ಹಾಗೆ ಇವೆಯಂತೆ, ನೆಲ ಕಂದು, ಒಂದು ಹಸಿರು ಕಡ್ಡಿ ಇಲ್ಲ.

ತಮ್ಮನೊಡನೆ ಮಾತಾಡಿದೆ. ನಾಲ್ಕು ವರ್ಷದಿಂದ ಕಳೆ ಔಷಧಿ ಹೊಡೆಸುತ್ತಿದ್ದಾನೆ. ವರ್ಷಕ್ಕೆ ಎರಡು ಸಲ, ಮಳೆ ಶುರುವಾದ ಮೇಲೊಮ್ಮೆ, ಮಳೆ ನಿಲ್ಲುವ ಮೊದಲೊಮ್ಮೆ. ಅವನನ್ನು ಬಯ್ಯುವುದು ಸುಲಭ, ನಾನೂ ಬಯ್ದೆ. ಅವನು ಕೇಳಿದ್ದು ಒಂದೇ, "ಅಕ್ಕಾ, ಕೀಳೋಕೆ ಆಳು ಎಲ್ಲಿಂದ ತರ್ಲಿ? ಕರೆದ್ರೆ ಬರೋರಿಲ್ಲ, ಬಂದ್ರೆ ಕೂಲಿ ಕೊಡೋಕೆ ಕಾಯಿ ಮಾರಿದ ದುಡ್ಡು ಸಾಲಲ್ಲ. ನೀನು ಬಂದು ಕೀಳ್ತೀಯಾ?" ಉತ್ತರ ಇರಲಿಲ್ಲ. ನಾನು ನಲವತ್ತು ವರ್ಷದ ಹಿಂದೆಯೇ ಊರು ಬಿಟ್ಟವಳು. ಅವನ ಜಾಗದಲ್ಲಿ ನಾನಿದ್ದರೆ ಬೇರೆ ಮಾಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ಲೆಕ್ಕ ಮಾತ್ರ ನನ್ನ ಮೂರು ಸೋಮಾರಿ ಗಿಡದ ಲೆಕ್ಕವೇ. ಬಹುವರ್ಷದ ಗರಿಕೆ, ಜೇಕು ಇವಕ್ಕೆ ನೆಲದಡಿ ಬೇರೋ ಗಡ್ಡೆಯೋ ಇರುತ್ತದೆ, ಔಷಧಿಯ ಏಟು ತಿಂದರೂ ಮತ್ತೆ ಚಿಗುರಬಲ್ಲವು. ತುಂಬೆ ಬೀಜ ಕಟ್ಟುವ ಮೊದಲೇ ಸಾಯಿಸಿದರೆ ಮಣ್ಣಿನಲ್ಲಿ ಹಿಂದೆ ಬಿದ್ದಿದ್ದ ಬೀಜ ಮಾತ್ರ ಗತಿ. ಅದು ಒಂದು ಮಳೆಗೆ ಸ್ವಲ್ಪ, ಇನ್ನೊಂದು ಮಳೆಗೆ ಸ್ವಲ್ಪ ಎಂದು ಮೊಳೆತು ಮೊಳೆತು ಖಾಲಿಯಾಗುತ್ತದೆ. ಜಾಗ ಬರಿದಾದ ಕಡೆ ಮೊದಲು ಬಂದು ಕೂರುವುದು ಗಟ್ಟಿ ಪಿಂಡಗಳು. ತಮ್ಮನ ಬೇಲಿಯ ಸಾಲಿನಲ್ಲಿ ಕಾಂಗ್ರೆಸ್ ಗಿಡ ಚೆನ್ನಾಗಿಯೇ ಇದೆಯಂತೆ.

ಡೊಂಬಿವಿಲಿಯ ನಾಲ್ಕನೇ ಕುಂಡದ ಬೀಜ ಇತ್ತಲ್ಲ. 2025ರ ಏಪ್ರಿಲಿನಲ್ಲಿ ಊರಿಗೆ ಹೊರಟ ನಮ್ಮ ಮಗನ ಕೈಯಲ್ಲಿ ಆರು ಪೊಟ್ಟಣ ಕಟ್ಟಿ ಕೊಟ್ಟೆ. ಇಂಥದೊಂದನ್ನು ಮುಂಬಯಿ ಕಡೆಯಿಂದ ತಿಪಟೂರಿಗೆ ಸಾಗಿಸುತ್ತಿದ್ದೇವೆ ಎಂದು ಅವನಿಗೆ ನಗು. ತಮ್ಮನೊಡನೆ ಅಮ್ಮ ಒಂದು ಒಪ್ಪಂದ ಮಾಡಿಕೊಂಡರು. ತೋಟದ ಒಳಗೆ ಅವನಿಷ್ಟ. ಹಳೆಯ ಬಾವಿಯಿಂದ ಹುಣಸೆಮರದವರೆಗಿನ ಬದು, ನಲವತ್ತು ಹೆಜ್ಜೆ ಉದ್ದ, ಅದರ ಮೇಲೆ ಔಷಧಿ ಹೊಡೆಯಬಾರದು. ಗಾಳಿ ಆ ಕಡೆ ಬೀಸುವಾಗಲೂ ಹೊಡೆಯಬಾರದು. ಅಲ್ಲಿ ಬೆಳೆದ ಕಾಂಗ್ರೆಸ್ ಗಿಡ ಕೀಳುವ ಕೆಲಸ ಅಮ್ಮನದು, ಅವರು ಊರಲ್ಲಿರುವ ತನಕ. ಅಮ್ಮ ಮೊದಲ ಮಳೆಗೆ ಬೀಜ ಎರಚಿ ಬಂದರು.

ಜುಲೈಯಲ್ಲಿ ತಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ, "ನಿಮ್ಮ ತುಂಬೆ ಬಂದಿದೆ" ಎಂದು. ಅಷ್ಟು ಹೊತ್ತಿಗೆ ಅಮ್ಮ ಮತ್ತೆ ನಮ್ಮಲ್ಲಿದ್ದರು. ಫೋಟೋ ದೊಡ್ಡದು ಮಾಡಿಸಿ ನೋಡಿ, "ಇದು ಗಾಯಕ್ಕೆ ಹಿಂಡೋದು, ಕಾಂಡ ಮುಟ್ಟಿ ನೋಡು ಅನ್ನು ಅವನಿಗೆ" ಎಂದರು. ಅವನು ಸಂಜೆ ಮತ್ತೆ ಹೋಗಿ ಇನ್ನೊಂದು ತೆಗೆದ. ಅದರಲ್ಲಿ ಹುಲ್ಲಿನ ನಡುವೆ ಎದುರುಬದುರು ಎಲೆಯ ಏಳೆಂಟು ಸಸಿ. ಅಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎಣಿಸಿದರು. ಎಣಿಕೆಯಲ್ಲಿ ಒಂಬತ್ತು ಬಂತು. ನನ್ನ ಎಣಿಕೆಯಲ್ಲಿ ಎಂಟೇ. ಈಗಲೂ ಆ ವಿಷಯ ಇತ್ಯರ್ಥವಾಗಿಲ್ಲ.

ನಾಲ್ಕನೇ ಕುಂಡದಲ್ಲಿ ಬೀಜ ಸಾಕಷ್ಟಾಗಿದೆ. ನಿಮ್ಮ ಬಾಲ್ಕನಿಯಲ್ಲಿ ಬಿಸಿಲಿದ್ದು, ಬೇಕೆನಿಸಿದರೆ, ನಿಮ್ಮ ವಿಳಾಸ ಬರೆದ, ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ನಿಲಯದ ಕನ್ನಡ ವಿಭಾಗಕ್ಕೆ ಕಳಿಸಿ. ಐವತ್ತು ಬೀಜದ ಒಂದು ಪೊಟ್ಟಣ ಹಾಕಿ ಕಳಿಸುತ್ತೇವೆ. ಪೊಟ್ಟಣ ಕಟ್ಟುವವರು ಅಮ್ಮ. ಎಣಿಕೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.